ಚೆಕ್ ಪಕ್ಷದ ಸೊಹಾರ್ ಶಾಖೆ

ಕೊಲ್ಲಿ ದೇಶಗಳನ್ನೆಲ್ಲ ಜರಡಿ ಹಿಡಿದರೂ ಚೆಕ್ ದೇಶದ ಕಡು ಬಲಪಂಥೀಯ ಪಕ್ಷವೊಂದಕ್ಕೆ ಸಿಗುವ ಕಾರ್ಯಕರ್ತ ಒಬ್ಬನೇ ಒಬ್ಬ. ಆ ಮಹಾನುಭಾವ ನಮ್ಮ ಅಕ್ಕನ ಗಂಡ! ಪಕ್ಷದ ಕಾರ್ಯಕ್ರಮ ಏನು ಅಂತೀರಾ? ಬಹಳ ಸರಳ: ಹೊರಗಿನಿಂದ ಬಂದವರೆಲ್ಲ ಹೊರಗೆ ಹೋಗಬೇಕು. ನಮ್ಮ ಭಾವ ಎಲ್ಲಿಯವರು ಅಂತೀರಾ? ಉಡುಪಿಯವರು. ಈಗ ಎಲ್ಲಿದ್ದಾರೆ ಅಂತೀರಾ? ಇಪ್ಪತ್ತಾರು ವರ್ಷಗಳಿಂದ ಒಮಾನಿನ ಸೊಹಾರ್‌ನಲ್ಲಿ. ಇದರಲ್ಲಿ ಏನೋ ತಾಳೆಯಾಗುತ್ತಿಲ್ಲವಲ್ಲ ಎಂದು ನಿಮಗೆ ಅನ್ನಿಸಿದ್ದರೆ ಅದು ನಿಮ್ಮ ತಪ್ಪಲ್ಲ. ಈ ಭೂಮಿಯ ಮೇಲೆ ಹಾಗೆ ಅನ್ನಿಸದೇ ಇದ್ದದ್ದು ಭಾವನಿಗೆ ಮಾತ್ರ.

ಅವರು ಚೆಕ್ ದೇಶವನ್ನು ಕಣ್ಣಿಂದ ನೋಡಿದವರಲ್ಲ. ಭೂಪಟದಲ್ಲಿ ತೋರಿಸಿ ಎಂದರೆ ಬೆರಳು ಮೊದಲು ಪೋಲೆಂಡಿಗೆ ಹೋಗಿ, ಅಲ್ಲಿಂದ ಜಾರಿ ಕೆಳಗೆ ಬರುತ್ತದೆ. ಊರಲ್ಲಿ ಮತ ಹಾಕಿ ಎಷ್ಟು ಕಾಲವಾಯಿತೋ ಅವರಿಗೇ ನೆನಪಿಲ್ಲ. ಅವರ ಊರಿನ ಶಾಸಕ ಯಾರು ಎಂದರೆ, ತೀರಿಕೊಂಡು ಹೋದವರೊಬ್ಬರ ಹೆಸರನ್ನು ಧೈರ್ಯವಾಗಿ ಹೇಳುತ್ತಾರೆ. ಆದರೆ ಚೆಕ್ ಸಂಸತ್ತಿಗೆ ಬರಲು ಒಂದು ಪಕ್ಷಕ್ಕೆ ನೂರಕ್ಕೆ ಐದು ಮತ ಬೇಕು ಎನ್ನುವುದು ಅವರಿಗೆ ಬಾಯಿಪಾಠ.

ಹಾಗಂತ ಭಾವ ದಡ್ಡರಲ್ಲ. ಸೊಹಾರ್‌ನ ಉಕ್ಕಿನ ಕಾರ್ಖಾನೆಯೊಂದರಲ್ಲಿ ಒತ್ತಡ, ತಾಪ ಅಳೆಯುವ ಯಂತ್ರಗಳನ್ನೆಲ್ಲ ಸುಸ್ಥಿತಿಯಲ್ಲಿ ಇಡುವ ಕೆಲಸ ಅವರದು. ಕುಲುಮೆಯ ಎದುರು ಹುಲಿ. ಆದರೆ ಎರಡು ವರ್ಷಕ್ಕೊಮ್ಮೆ, ವೀಸಾ ನವೀಕರಣದ ತಿಂಗಳು ಬಂತೆಂದರೆ ಈ ಹುಲಿ ಒದ್ದೆ ಬೆಕ್ಕಾಗುತ್ತದೆ! ನಾನು ಮಸ್ಕತ್ತಿನ ಹತ್ತಿರ ರುಸೈಲ್‌ನಲ್ಲಿ ಡಬ್ಬಿ ತಯಾರಿಸುವ ಕಂಪನಿಯ ಎಚ್.ಆರ್. ವಿಭಾಗದಲ್ಲಿದ್ದೇನೆ. ಜನರ ವೀಸಾ ಕಾಗದಗಳನ್ನು ಜೋಡಿಸುವುದೇ ನನ್ನ ಹೊಟ್ಟೆಪಾಡು. ಹಾಗಾಗಿ ಆ ತಿಂಗಳು ದಿನಕ್ಕೆ ನಾಲ್ಕು ಸಲ ನನಗೆ ಫೋನು. "ಮಾರಾಯ್ತಿ, ಈ ಸಲ ಆಗ್ತದಲ್ಲ? ಎಂತಾದ್ರೂ ಹೊಸ ಕಾನೂನು ಬಂದದ್ದುಂಟಾ?" ಅವರ ಮನೆಯಲ್ಲಿ 'ಕ್ಯಾನ್ಸಲ್' ಎಂಬ ಪದವನ್ನೇ ಯಾರೂ ಆಡುವಂತಿಲ್ಲ. ಅಕ್ಕ ಒಮ್ಮೆ ದಂತವೈದ್ಯರ ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಮಾಡಿದೆ ಎಂದದ್ದಕ್ಕೆ ಭಾವನ ಕೈಯಲ್ಲಿದ್ದ ಚಹಾ ಚೆಲ್ಲಿಹೋಗಿತ್ತು. ಸೊಹಾರ್ ಬಿಟ್ಟು ಹೋಗಬೇಕಾದೀತು ಎನ್ನುವುದೊಂದೇ ಅವರ ಜೀವದ ಭಯ. ಅಂಥವರಿಗೆ ಎಂಥ ಪಕ್ಷ ಸಿಕ್ಕಿತು ನೋಡಿ!

ಇದಕ್ಕೆಲ್ಲ ಮೂಲ ಮಿರೆಕ್ ಎಂಬ ಚೆಕ್ ಇಂಜಿನಿಯರ್. ಕೆಲವು ವರ್ಷಗಳ ಹಿಂದೆ ಕಾರ್ಖಾನೆಗೆ ಹೊಸ ಯಂತ್ರ ಬಂದಾಗ ಅದನ್ನು ಕೂರಿಸಿ ಓಡಿಸಿ ತೋರಿಸಲು ಬಂದವರು, ಒಂದು ವರ್ಷಕ್ಕೂ ಹೆಚ್ಚು ಇಲ್ಲೇ ಉಳಿದರು. ಆರಡಿ ಎತ್ತರ, ಬಿಸಿಲಿಗೆ ಬೆಂದು ಕೆಂಪಗಾದ ಕುತ್ತಿಗೆ, ಯಾರೊಡನೆಯೂ ಮಾತಿಲ್ಲ. ಒಂಟಿಯಾಗಿ ಡಬ್ಬಿಯ ಮೀನು ತಿನ್ನುತ್ತಿದ್ದ ಈ ಮನುಷ್ಯನನ್ನು ನೋಡಿ ಭಾವನ ಕರುಳು ಚುರ್ ಎಂದಿತು. ಸೊಹಾರ್‌ನಂಥ ಮೀನಿನ ಊರಿನಲ್ಲಿ ಡಬ್ಬಿಯ ಮೀನೇ! ಶುಕ್ರವಾರ ಮನೆಗೆ ಕರೆತಂದೇಬಿಟ್ಟರು. ಕರಾವಳಿಯವರಲ್ಲವೇ, ಮೂರನೇ ಶುಕ್ರವಾರದ ಹೊತ್ತಿಗೆ ಮಿರೆಕ್ 'ಮಿರೆಕಣ್ಣ' ಆಗಿದ್ದರು.

ಒಂದು ದಿನ ನಾನೂ ಅಲ್ಲಿದ್ದೆ. ಅಕ್ಕ ನೀರುದೋಸೆ ಹೊಯ್ಯುತ್ತಿದ್ದಳು, ಜೊತೆಗೆ ಹುಳಿಖಾರದ ಬಂಗುಡೆ ಮೀನಿನ ಪುಳಿಮುಂಚಿ. ಮಿರೆಕಣ್ಣ ಬೆವರು ಒರೆಸಿಕೊಳ್ಳುತ್ತ ಆರು ದೋಸೆ ಮುಗಿಸಿ, ಏಳನೆಯದಕ್ಕೆ ಕಾಯುವಾಗ ತಮ್ಮ ರಾಜಕೀಯ ಬಿಚ್ಚಿದರು. ಅವರ ಊರಿನಲ್ಲಿ ಗಣಿ ಮುಚ್ಚಿತಂತೆ. ಹುಡುಗರೆಲ್ಲ ಜರ್ಮನಿಗೆ ಹೋದರಂತೆ. ಊರು ಹಾಳಾಯಿತಂತೆ. ಇದಕ್ಕೆಲ್ಲ ಕಾರಣ ಹೊರಗಿನವರು. ಅದಕ್ಕಾಗಿ ತಾವು ಕೆಲವರು ಸೇರಿ ಒಂದು ಪಕ್ಷ ಕಟ್ಟುತ್ತಿದ್ದೇವೆ ಎಂದರು.

"ನಿಮ್ಮ ಊರಿನಲ್ಲಿ ಹೊರಗಿನವರು ಎಷ್ಟು ಜನ ಇದ್ದಾರೆ?" ಎಂದು ನಾನು ಕೇಳಿದೆ.

ಮಿರೆಕಣ್ಣ ಯೋಚಿಸಿದರು. "ಒಂದು ವಿಯೆಟ್ನಾಮಿ ಸಂಸಾರ. ಅಂಗಡಿ ಇಟ್ಟಿದ್ದಾರೆ."

"ಅವರಿಂದ ಏನು ತೊಂದರೆ?"

"ಅವರಿಂದ ತೊಂದರೆ ಏನಿಲ್ಲ. ಭಾನುವಾರ ಸಂಜೆ ತೆರೆದಿರುವುದು ಅದೊಂದೇ ಅಂಗಡಿ. ಪಕ್ಷದ ಮೊದಲ ಸಭೆಗೆ ತಿಂಡಿ ತಂದದ್ದೂ ಅಲ್ಲಿಂದಲೇ."

ನನಗೆ ಮೈಯೆಲ್ಲ ಉರಿಯಿತು. "ಹಾಗಾದರೆ ನಾವು? ನಾವೂ ಹೊರಗಿನವರೇ ತಾನೇ?" ಎಂದೆ. "ಛೆ ಛೆ, ನೀವು ಬೇರೆ" ಎಂದರು. ಬೇರೆ ಹೇಗೆ? "ನಿಮ್ಮನ್ನು ನಾನು ಬಲ್ಲೆ!" ಎಷ್ಟು ಸರಳ ನೋಡಿ! ಪರಿಚಯವಿದ್ದವರು ಮನುಷ್ಯರು, ಇಲ್ಲದವರು ಸಮಸ್ಯೆ. ಅಕ್ಕ ಅಡುಗೆಮನೆಯಿಂದಲೇ ಕೂಗಿದಳು, "ಆ ಹೊರಗಿನವ್ರಿಗೆ ಇನ್ನೊಂದು ದೋಸೆ ಹಾಕ್ಬೇಕಾ ಬೇಡ್ವಾ, ಕೇಳಿ ಇವ್ರೇ!"

ಮಿರೆಕಣ್ಣ ಹನ್ನೊಂದು ದೋಸೆ ತಿಂದು ಹೋದರು. ಭಾವ ಮಾತ್ರ ಅಂದಿನಿಂದ ಪಕ್ಷದವರಾದರು. ತತ್ತ್ವ ಗಿತ್ತ್ವ ಏನೂ ಇಲ್ಲ. "ನಮ್ಮ ಜನ ಒಂದು ಪಾರ್ಟಿ ಕಟ್ಟುವಾಗ ನಾವು ನಿಲ್ಲದಿದ್ರೆ ಹೇಗೆ?" ಎಂದರು. ಮಿರೆಕಣ್ಣ ಅವರ ಜನ! ಪಕ್ಕದ ಮನೆಯ ಮಲಯಾಳಿಯೊಡನೆ ಕಾರು ನಿಲ್ಲಿಸುವ ಜಾಗಕ್ಕಾಗಿ ಎರಡು ವರ್ಷ ಮಾತು ಬಿಟ್ಟಿದ್ದ ಮನುಷ್ಯ ಇವರು, ಗೊತ್ತಾಯಿತಲ್ಲ?

ಮಿರೆಕಣ್ಣ ಕೆಲಸ ಮುಗಿಸಿ ಊರಿಗೆ ಮರಳಿದರು. ಪಕ್ಷ ಬೆಳೆಯಿತು. ಚುನಾವಣೆ ಬಂತು. ಭಾವ ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ, "ನಮ್ಮ ಚಿಹ್ನೆ ಎಂತದು?" ಅಲ್ಲಿ ಚಿಹ್ನೆ ಇರುವುದಿಲ್ಲವಂತೆ, ಪಕ್ಷಕ್ಕೊಂದು ಸಂಖ್ಯೆ ಕೊಡುತ್ತಾರಂತೆ, ಮತಪತ್ರ ಮೊದಲೇ ಮನೆಗೆ ಬರುತ್ತದಂತೆ. ಭಾವನಿಗೆ ಇದು ನುಂಗಲಾರದ ತುತ್ತಾಯಿತು. "ಚಿಹ್ನೆ ಇಲ್ಲದೆ ಪಾರ್ಟಿಯಾ? ಅಜ್ಜಿಯಂದಿರಿಗೆ ಗುರುತು ಸಿಗುದು ಹೇಗೆ?" ಎಂದು ಅರ್ಧ ದಿನ ಒದ್ದಾಡಿ, ತೆಂಗಿನಕಾಯಿ, ಕಾಲುದೀಪ, ಹೊಲಿಗೆ ಯಂತ್ರ, ಎರಡು ಮೀನು, ಹೀಗೆ ತಾವೇ ಚಿತ್ರ ಬರೆದು ಕಳಿಸಿದರು. ತೆಂಗಿನಕಾಯಿಯನ್ನು ನೋಡಿದ ಮಿರೆಕಣ್ಣ, ಇದೇನು ಬಾಂಬಾ ಎಂದು ಕೇಳಿದರಂತೆ. ಇದ್ದ ಹೆಸರೇ ಸಾಕಷ್ಟು ಕೆಟ್ಟಿದೆ, ಇದು ಬೇಡ ಎಂದರಂತೆ.

ಮತದಾನ ಶುಕ್ರವಾರ ಮತ್ತು ಶನಿವಾರ ಎಂದು ತಿಳಿದಾಗ ಭಾವ ಕುರ್ಚಿಯಿಂದ ಎದ್ದು ನಿಂತರು. ಅವೆರಡೂ ಒಮಾನಿನ ರಜೆಯ ದಿನಗಳು! ಅದರ ಮೇಲೆ ಶುಕ್ರವಾರ ಮತದಾನ ಶುರುವಾಗುವುದು ಮಧ್ಯಾಹ್ನ ಎರಡಕ್ಕೆ, ರಾಹುಕಾಲ ಕಳೆದಿರುತ್ತದೆ! ದೈವಸಂಕಲ್ಪಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಆ ಶುಕ್ರವಾರ ಬೆಳಿಗ್ಗೆ ಇನ್ನೂರು ಕಿಲೋಮೀಟರು ಕಾರು ಓಡಿಸಿಕೊಂಡು ಮಸ್ಕತ್ತಿಗೆ ಬಂದು, ನನ್ನನ್ನೂ ಎಳೆದುಕೊಂಡು ದೇವಸ್ಥಾನಕ್ಕೆ ಹೋದರು. ಅರ್ಚನೆಯ ಸಾಲಿನಲ್ಲಿ ನಮ್ಮ ಸರದಿ ಬಂತು.

"ಹೆಸರು?" ಎಂದರು ಅರ್ಚಕರು.

"ಮಿರೆಕ್."

ಅರ್ಚಕರು ತಲೆ ಎತ್ತಿ ನೋಡಿದರು. "ನಕ್ಷತ್ರ?"

"ವಿಶಾಖಾ" ಎಂದರು ಭಾವ. ಹುಟ್ಟಿದ ಗಳಿಗೆ ತರಿಸಿಕೊಂಡು ಮೊದಲೇ ನೋಡಿಟ್ಟಿದ್ದರು!

"ಗೋತ್ರ?"

ಭಾವ ನನ್ನ ಮುಖ ನೋಡಿದರು. ನಾನು ಗಂಟೆಯನ್ನು ನೋಡತೊಡಗಿದೆ. ಹಿಂದೆ ಸಾಲು ಬೆಳೆಯುತ್ತಿತ್ತು. ಅರ್ಚಕರೇ ದಾರಿ ತೋರಿಸಿದರು, "ಗೋತ್ರ ಗೊತ್ತಿಲ್ಲದವ್ರಿಗೆಲ್ಲ ಕಾಶ್ಯಪ ಗೋತ್ರ. ಯಾವ ಉದ್ದೇಶಕ್ಕೆ?" ಭಾವ ದನಿ ತಗ್ಗಿಸಿ, "ವಿದೇಶೀಯರಿಂದ ಮುಕ್ತಿ ಸಿಗ್ಲಿಕ್ಕೆ" ಎಂದರು. ಅರ್ಚಕರು ಉಡುಪಿಯಿಂದ ಬಂದ ನಮ್ಮಿಬ್ಬರನ್ನೂ, ತಮ್ಮ ಹಿಂದೆ ನಿಂತ ತಮಿಳು ಸಹಾಯಕರನ್ನೂ, ಗುಜರಾತಿ, ತೆಲುಗು ಭಕ್ತರ ಸಾಲನ್ನೂ ಒಮ್ಮೆ ನೋಡಿ, 'ಸಕಲ ಇಷ್ಟಾರ್ಥ ಸಿದ್ಧ್ಯರ್ಥಂ' ಎಂದಷ್ಟೇ ಹೇಳಿ ಹೂ ಹಾಕಿಬಿಟ್ಟರು. ಪುಣ್ಯಾತ್ಮರು!

ದೇವರಿಗೆ ವಿವರ ಸರಿಯಾಗಿ ತಲುಪಲಿಲ್ಲವೋ ಏನೋ, ಪಕ್ಷ ಗೆದ್ದುಬಿಟ್ಟಿತು! ಐದರ ಗೆರೆ ದಾಟಿ ಸಂಸತ್ತಿಗೆ ಹೋಯಿತು. ಸ್ವಲ್ಪ ಸಮಯದಲ್ಲೇ ಮಿರೆಕಣ್ಣ ತಮ್ಮ ಊರಿನ ಪುರಸಭೆಗೆ ಆಯ್ಕೆಯಾದರು. ಭಾವನನ್ನು ಹಿಡಿಯುವವರಿಲ್ಲ. ದೊಡ್ಡ ಬಟ್ಟಲು ಒಮಾನಿ ಹಲ್ವ ಕೊಂಡು ಕಾರ್ಖಾನೆಗೆ ಹೋದರು. ಪಾಕಿಸ್ತಾನದ ಫೋರ್‌ಮನ್, ಬಾಂಗ್ಲಾದ ವೆಲ್ಡರ್, ಫಿಲಿಪ್ಪೀನ್ಸ್‌ನ ಸ್ಟೋರ್‌ಕೀಪರ್, ಬಿಹಾರದ ಕ್ರೇನ್ ಚಾಲಕ ಎಲ್ಲರೂ ಸುತ್ತ ನೆರೆದರು. "ಏನು ವಿಶೇಷ?" ಎಂದರೆ "ನಮ್ಮ ಪಕ್ಷ ಗೆದ್ದಿತು" ಎಂದರು. "ಯಾವ ಪಕ್ಷ?" ಎಂದರೆ "ಹೊರಗಿನವರನ್ನೆಲ್ಲ ಹೊರಗೆ ಹಾಕುವ ಪಕ್ಷ!" ಎಂದರು. ಹಲ್ವ ಹಿಡಿದ ಕೈಗಳೆಲ್ಲ ಬಾಯಿಯ ಹತ್ತಿರ ಬಂದು ನಿಂತವಂತೆ. ಗೇಟಿನ ಒಮಾನಿ ಕಾವಲುಗಾರರು ಮಾತ್ರ "ಮಬ್ರೂಕ್! ಮಬ್ರೂಕ್!" ಎಂದು ಅಭಿನಂದಿಸಿ ಇನ್ನೊಂದು ಚಮಚ ತೆಗೆದುಕೊಂಡರಂತೆ.

ಏರಿದ್ದು ಇಳಿಯಲೇಬೇಕಲ್ಲ. ಹೊರಗಿನವರನ್ನು ಹುಡುಕಿಕೊಂಡು ಹೊರಟ ಪಕ್ಷಕ್ಕೆ ಬೇಕಾದಷ್ಟು ಹೊರಗಿನವರು ಸಿಗಲಿಲ್ಲ. ಕೈ ಸುಮ್ಮನಿರಬೇಕಲ್ಲ? ಒಳಗಿನವರಲ್ಲೇ ಹುಡುಕತೊಡಗಿದರು. ಖಜಾಂಚಿಯ ಅಜ್ಜಿ ಸ್ಲೊವಾಕಿಯಾದವಳು ಎಂದು ಒಬ್ಬರು ಪತ್ತೆ ಮಾಡಿದರು. ಪತ್ತೆ ಮಾಡಿದವರ ಹೆಂಡತಿ ಉಕ್ರೇನಿನವಳು ಎಂದು ಖಜಾಂಚಿ ಪತ್ತೆ ಮಾಡಿದರು. ಅಧ್ಯಕ್ಷರೇ ಹುಟ್ಟಿದ್ದು ಹೊರದೇಶದ ಆಸ್ಪತ್ರೆಯಲ್ಲಿ ಎಂದು ಇನ್ನೊಂದು ಬಣ. ಪಕ್ಷ ಒಡೆದು ಮೂರಾಯಿತು. ಮೂರಕ್ಕೂ ಹೆಸರು ಹೆಚ್ಚುಕಡಿಮೆ ಒಂದೇ. ನಿಜವಾದ ದೇಶಭಕ್ತರು, ಅಸಲಿ ದೇಶಭಕ್ತರು, ಅಪ್ಪಟ ದೇಶಭಕ್ತರು ಅನ್ನುತ್ತೇವಲ್ಲ, ಹಾಗೆ.

"ಇದೆಲ್ಲ ನಮಗೆ ಹೊಸತಾ?" ಎಂದು ಭಾವ ಟೊಂಕ ಕಟ್ಟಿದರು. ಹೌದಲ್ಲ, ಒಡೆಯುವ ವಿದ್ಯೆಯಲ್ಲಿ ನಮ್ಮನ್ನು ಮೀರಿಸುವವರುಂಟೇ? ನಲವತ್ತು ಮನೆಗಳ ನಮ್ಮ ಕನ್ನಡ ಸಂಘ, ರಾಜ್ಯೋತ್ಸವದ ಊಟಕ್ಕೆ ಬಿಸಿಬೇಳೆಬಾತೋ ಬಂಗುಡೆಯೋ ಎಂಬ ಪ್ರಶ್ನೆಯ ಮೇಲೆ ಎರಡಾದದ್ದನ್ನು ಹತ್ತಿರದಿಂದ ಕಂಡವರು ಅವರು. ಆ ಅನುಭವದ ಬಲದಿಂದ ಮೂರು ಬಣಗಳ ಮುಖಂಡರಿಗೂ ಇಂಗ್ಲಿಷಿನಲ್ಲಿ ಉದ್ದುದ್ದ ಪತ್ರ ಬರೆದರು: ಒಂದು ವರ್ಷ ನೀವು, ಒಂದು ವರ್ಷ ಅವರು, ಮಹಿಳಾ ಘಟಕ ಬೇರೆ. ಮೂವರಿಂದಲೂ ಒಂದೇ ಉತ್ತರ ಬಂತು. ವಿದೇಶೀಯರು ನಮ್ಮ ಆಂತರಿಕ ವಿಷಯದಲ್ಲಿ ತಲೆಹಾಕಬೇಡಿ! ಮೂರು ಬಣಗಳೂ ಒಮ್ಮತಕ್ಕೆ ಬಂದದ್ದು ಅದೊಂದೇ ಸಲ. ಅಷ್ಟರ ಮಟ್ಟಿಗೆ ಭಾವನ ಸಂಧಾನ ಫಲಿಸಿತು ಎನ್ನಬೇಕು.

ಮುಂದಿನ ಚುನಾವಣೆಯಲ್ಲಿ ಮೂರೂ ನೆಲಕಚ್ಚಿದವು. ಐದರ ಮಾತು ಹಾಗಿರಲಿ, ಒಂದಕ್ಕೂ ಗತಿಯಿರಲಿಲ್ಲ. ಆ ಶನಿವಾರ ಭಾವ ಮೀನು ಮುಟ್ಟಲಿಲ್ಲ. "ಎಷ್ಟು ದಿನದ ಸೂತಕ ಇವ್ರೇ? ಅಂಜಲ್ ತಂದಿಟ್ಟದ್ದು ಹಾಳಾಗ್ತದೆ" ಎಂದಳು ಅಕ್ಕ.

ಆ ಸೂತಕ ಕಳೆದು ಇನ್ನೂ ತಿಂಗಳಾಗಿರಲಿಲ್ಲ, ಬಂತು ನೋಡಿ ಅವರ ಹೆಸರಿಗೊಂದು ಪತ್ರ. ಭಾವನ ಹುದ್ದೆಯನ್ನು ಇನ್ನು ಮುಂದೆ ಒಮಾನಿಗಳಿಗೇ ಕೊಡಬೇಕೆಂದು ಕಾರ್ಖಾನೆ ತೀರ್ಮಾನಿಸಿತ್ತು. ಮೂರು ತಿಂಗಳ ಕಾಲಾವಕಾಶ, ಬದಲಿಗೆ ಬರುವವರಿಗೆ ಕೆಲಸ ಕಲಿಸಬೇಕು, ಆಮೇಲೆ ವೀಸಾ ರದ್ದು. ಪತ್ರದ ಫೋಟೋ ನನಗೆ ಕಳಿಸಿದರು, ಜೊತೆಗೆ ಒಂದು ಮಾತೂ ಇರಲಿಲ್ಲ. ಅಂಥ ಪತ್ರಗಳನ್ನು ನಮ್ಮ ಕಂಪನಿಯಲ್ಲಿ ಟೈಪು ಮಾಡುವವಳು ನಾನೇ. ಅದರಲ್ಲಿ ತಪ್ಪಿಸಿಕೊಳ್ಳುವ ಸಂದು ಇರುವುದಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಹತ್ತು ಸಲ ಓದಿದೆ.

ಸೊಹಾರ್‌ಗೆ ಓಡಿದೆ. ಪತ್ರ ಸಿಕ್ಕಿದ ಇನ್ನಿಬ್ಬರು ಮನೆಗೆ ಬಂದು ಕೂತು ಕಂಪನಿಯನ್ನು, ಕಾನೂನನ್ನು, ಕಾಲವನ್ನು ಬಯ್ಯುತ್ತಿದ್ದರು. ಭಾವ ಮಾತ್ರ ಸೋಫಾದ ತುದಿಯಲ್ಲಿ ನೆಟ್ಟಗೆ ಕೂತು, "ಬಯ್ಯುದು ಯಾಕೆ? ಅವ್ರ ನೆಲ, ಅವ್ರ ಮಕ್ಕಳಿಗೆ ಕೆಲಸ ಬೇಡ್ವಾ? ನಮ್ಮ ಪಾರ್ಟಿಯ ನಿಲುವೂ ಅದೇ ಅಲ್ವಾ" ಎಂದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಷ್ಟು ವರ್ಷ ಅವರ ಪಕ್ಷವನ್ನು ಗೇಲಿ ಮಾಡಿದ್ದೆ. ತನ್ನ ಕುತ್ತಿಗೆಗೇ ಬಂದಾಗಲೂ ಮಾತು ಬದಲಿಸದ ಒಬ್ಬನೇ ಒಬ್ಬ ಸದಸ್ಯ ಆ ಪಕ್ಷಕ್ಕಿದ್ದ ಎನ್ನುವುದು ಆ ದಿನ ಗೊತ್ತಾಯಿತು. ಬಂದಿದ್ದ ಇಬ್ಬರೂ ಹೋದ ಮೇಲೆ ಅಕ್ಕ ಹೇಳಿದಳು, "ನಾಲ್ಕು ದಿನ ಆಯ್ತು, ಸರಿ ಊಟ ಮಾಡ್ಲಿಲ್ಲ ನಿನ್ನ ಭಾವ."

ಬದಲಿಗೆ ಬಂದವಳು ಮರ್ಯಮ್, ಹತ್ತಿರದ ಸಹಮ್ ಊರಿನ ಇಂಜಿನಿಯರ್. ಭಾವ ಅರೆಮನಸ್ಸಿನಿಂದ ಕಲಿಸಿಯಾರು ಎಂದು ನಾನು ಎಣಿಸಿದ್ದೆ. ಇಲ್ಲ! ಯಾವ ಮೀಟರು ಬೇಸಿಗೆಯಲ್ಲಿ ಸುಳ್ಳು ಹೇಳುತ್ತದೆ, ಯಾವ ಕವಾಟ ಯಾವ ದನಿಯಲ್ಲಿ ಕೆಮ್ಮಿದರೆ ಓಡಬೇಕು ಎಂಬುದನ್ನೆಲ್ಲ ಧಾರೆಯೆರೆದರು. "ಹುಡುಗಿಗೆ ಒಳ್ಳೆ ಕಿವಿ ಉಂಟು ಮಾರಾಯ್ತಿ. ಶಬ್ದ ಕೇಳಿಯೇ ಹೇಳ್ತಾಳೆ" ಎಂದು ನನ್ನ ಹತ್ತಿರ ಹೆಮ್ಮೆ ಪಟ್ಟರು. ಒಂದು ಸಂಜೆ ಅವಳು ಮನೆಗೆ ಖರ್ಜೂರ ತಂದುಕೊಟ್ಟು, "ಉಸ್ತಾದ್, ನಿಮ್ಮ ಜಾಗ ನಾನು ಕೇಳಿರಲಿಲ್ಲ" ಎಂದಳು. "ಗೊತ್ತುಂಟು ಮಗಾ" ಎಂದು ಭಾವ ಕನ್ನಡದಲ್ಲೇ ಹೇಳಿದರು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳೋಣ ಎಂದು ಸಿದ್ಧಳಾಗಿ ಕೂತಿದ್ದ ನನಗೆ ಸಿಟ್ಟೇ ಬರಲಿಲ್ಲ.

ಮೂರನೇ ತಿಂಗಳ ಒಂದು ಶುಕ್ರವಾರ ಸಾಮಾನು ಕಟ್ಟಲು ಹೋಗಿದ್ದೆ. ಅಕ್ಕ ಪಾತ್ರೆಗಳನ್ನು ಹಳೆಯ ಪೇಪರಿನಲ್ಲಿ ಸುತ್ತುತ್ತಿದ್ದಳು. ಭಾವ ಎರಡು ದಿನದ ಹಿಂದೆ ಮಿರೆಕಣ್ಣನಿಗೆ ಒಂದೇ ಸಾಲಿನ ಸಂದೇಶ ಕಳಿಸಿದ್ದರಂತೆ: 'ನಮ್ಮ ಕಾರ್ಯಕ್ರಮ ಒಮಾನಿನಲ್ಲಿ ಜಾರಿಗೆ ಬಂತು. ನಾನು ಹೊರಗೆ.' ಅದಕ್ಕೆ ಉತ್ತರ ಬಂದಿರಲಿಲ್ಲ. ಅಂದು ಮಧ್ಯಾಹ್ನ ವಿಡಿಯೋ ಕರೆ ಬಂತು. ಮಿರೆಕಣ್ಣ ಬಹಳ ಮುದುಕರಾಗಿದ್ದರು. ಕುಶಲ ಗಿಶಲ ಏನೂ ಕೇಳದೆ ನೇರವಾಗಿ ಶುರುಮಾಡಿದರು.

"ನೀನು ಇಲ್ಲಿಗೆ ಬಾ. ನಮ್ಮ ಕಾರ್ಖಾನೆಯಲ್ಲಿ ನಿನ್ನ ಕೆಲಸ ಬಲ್ಲವರು ಯಾರೂ ಉಳಿದಿಲ್ಲ. ಮ್ಯಾನೇಜರ್ ಹತ್ತಿರ ಮಾತಾಡಿ ಪತ್ರ ಬರೆಸಿದ್ದೇನೆ. ನನ್ನ ಮನೆಯ ಮೇಲಿನ ಕೋಣೆ ಖಾಲಿ ಇದೆ. ಅದಕ್ಕೆ ಹೊಸ ಬಣ್ಣ ಹೊಡೆಸುತ್ತಿದ್ದೇನೆ. ಹೆಂಡತಿಯನ್ನೂ ಕರೆದುಕೊಂಡು ಬಾ."

ಭಾವ ನಗಲು ನೋಡಿದರು. "ನಾನು ಹೊರಗಿನವನಲ್ಲವಾ ಮಿರೆಕಣ್ಣ? ನಿಮ್ಮ ಪಕ್ಷ ಒಪ್ಪುತ್ತದಾ?"

"ನಮ್ಮ ಊರಿನ ಶಾಖೆಯಲ್ಲಿ ಈಗ ಉಳಿದಿರುವ ಸದಸ್ಯ ನಾನೊಬ್ಬನೇ" ಎಂದರು ಮಿರೆಕಣ್ಣ ಗಂಭೀರವಾಗಿ. "ನಿನ್ನೆ ಸಭೆ ಕರೆದೆ. ನಿನ್ನ ವಿಷಯ ಇಟ್ಟೆ. ಸರ್ವಾನುಮತದಿಂದ ಒಪ್ಪಿಗೆಯಾಯಿತು."

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಕ್ಕನೂ ನಕ್ಕಳು. ಭಾವ ನಗಲಿಲ್ಲ. ಕರೆ ಮುಗಿದ ಮೇಲೂ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕೂತೇ ಇದ್ದರು.

"ಹೋಗ್ತೀರಾ ಭಾವ?" ಎಂದು ಕೇಳಿದೆ.

"ಎಲ್ಲಿಗೆ ಹೋಗುದು ಮಾರಾಯ್ತಿ, ಈ ಪ್ರಾಯದಲ್ಲಿ, ಆ ಚಳಿಗೆ? ಇಲ್ಲ, ಹೋಗ್ಲಿಕ್ಕಿಲ್ಲ" ಎಂದರು. ಮತ್ತೆ ಹೇಳಿದರು, "ಊರಿಗೆ ಫೋನ್ ಮಾಡಿ ಬರ್ತಾ ಇದ್ದೇವೆ ಅಂತ ಹೇಳಿದೆ. ನನ್ನ ತಮ್ಮ ಕೇಳಿದ್ದು ಎಂತ ಗೊತ್ತುಂಟಾ? ವಾಪಾಸು ಯಾವಾಗ ಹೋಗುದು ಅಂತ. ಇಲ್ಲಿ ಆಫೀಸಿನಲ್ಲಿ ಕೇಳುದೂ ಅದೇ, ಯಾವಾಗ ಹೋಗುದು ಅಂತ. ಬಾ ಅಂತ ಹೇಳಿದವ ಇವ ಒಬ್ಬನೇ ಅಲ್ವಾ."

ಭಾವ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ಅಕ್ಕ ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟು ಬಂದು ಅವರ ಪಕ್ಕದಲ್ಲಿ ಕೂತಳು.